ದವಡೆ ಕೆಳಗೆ ಊದಿದರೆ ಯಾವ ಸ್ಕ್ಯಾನ್? ಜೊಲ್ಲಿನ ಗ್ರಂಥಿಯ ತೊಂದರೆ ಇದ್ದವರಿಗೆ

ನಮ್ಮ ಮಾವನಿಗೆ ಮಿಡಿ ಉಪ್ಪಿನಕಾಯಿ ಅಂದ್ರೆ ಪ್ರಾಣ. ಮುಂಬೈ ಹತ್ತಿರದ ಡೊಂಬಿವಲಿಯ ಮನೆಯಲ್ಲಿ ರಾತ್ರಿ ಗಂಜಿಗೆ ಕೂತರೆ ಊರಿಂದ ಬಂದ ಭರಣಿ ಕೈಗೆಟುಕುವ ಹಾಗೆ ಪಕ್ಕದಲ್ಲೇ ಇರಬೇಕು. ಹೋದ ಮಳೆಗಾಲದಲ್ಲಿ ಒಂದು ರಾತ್ರಿ ಮಿಡಿ ಕಚ್ಚಿದ್ದೇ ತಡ, ಎಡಗಡೆ ದವಡೆ ಕೆಳಗೆ ಲಿಂಬೆಹಣ್ಣಿನಷ್ಟು ಊದಿಕೊಂಡಿತು. ಒಂದು ಗಂಟೆ ಎಳೆಯುವಂಥ ನೋವು. ಆಮೇಲೆ ಮೆಲ್ಲಗೆ ಇಳಿದು, ಏನೂ ಆಗೇ ಇಲ್ಲ ಅನ್ನುವ ಹಾಗೆ. ಮರುದಿನ ಊಟಕ್ಕೆ ಕೂತಾಗ ಮತ್ತೆ ಅದೇ ಕಥೆ.

ಮೊದಲು ಹಲ್ಲಿನ ಡಾಕ್ಟರ್ ಹತ್ತಿರ ಹೋದರು. ಒಂದು ದವಡೆಹಲ್ಲು ಹೋಯಿತು, ಊತ ಹೋಗಲಿಲ್ಲ. ಆಮೇಲೆ ಯಾರೋ ಪರಿಚಯದವರು "ದೊಡ್ಡ ಸ್ಕ್ಯಾನೇ ಮಾಡಿಸಿಬಿಡಿ, ಎಲ್ಲ ಗೊತ್ತಾಗುತ್ತದೆ" ಅಂದರು ಅಂತ ನೇರವಾಗಿ ಕುತ್ತಿಗೆಯ ಎಂಆರ್‌ಐ ಮಾಡಿಸಿಕೊಂಡು ಬಂದರು. ಗ್ರಂಥಿ ಸ್ವಲ್ಪ ದಪ್ಪಗಾಗಿದೆ ಅನ್ನುವುದು ಬಿಟ್ಟರೆ ರಿಪೋರ್ಟಿನಲ್ಲಿ ಬೇರೇನೂ ಇಲ್ಲ. ಇಷ್ಟೆಲ್ಲ ಆದ ಮೇಲೆ ನನಗೆ ಫೋನ್. "ಎಂತ ಮಾರಾಯ, ಇಷ್ಟು ದುಡ್ಡು ಸುರಿದು ಏನೂ ಇಲ್ಲ ಅಂತ ಬಂದಿದೆ, ಊತ ಮಾತ್ರ ದಿನಾ ಬರ್ತದೆ." ನಾನು ಮುಂಬೈಯಲ್ಲಿ ಹದಿನಾರು ವರ್ಷದಿಂದ ಮಾಡುತ್ತಿರುವ ಕೆಲಸವೇ ಸಿಟಿ, ಎಂಆರ್‌ಐ ತೆಗೆಯುವುದು. ಹಿತ್ತಲ ಗಿಡ ಮದ್ದಲ್ಲ, ಅಲ್ವಾ.

ನಾನು ಟೆಕ್ನಿಷಿಯನ್, ಡಾಕ್ಟರ್ ಅಲ್ಲ. ಔಷಧಿ ಹೇಳಲು ಕೂತಿಲ್ಲ. ಆದರೆ ಯಾವ ಯಂತ್ರಕ್ಕೆ ಏನು ಕಾಣುತ್ತದೆ, ಏನು ಕಾಣುವುದಿಲ್ಲ, ಯಾವಾಗ ಹೋಗಬೇಕು, ಕೌಂಟರಿನಲ್ಲಿ ಏನು ಹೇಳಬೇಕು ಅನ್ನುವುದನ್ನು ದಿನಾ ನೋಡುತ್ತೇನೆ. ದೊಡ್ಡ ಸ್ಕ್ಯಾನ್ ಅಂದರೆ ಒಳ್ಳೆಯ ಸ್ಕ್ಯಾನ್ ಅಲ್ಲ. ಪ್ರತಿಯೊಂದು ಯಂತ್ರವೂ ಒಂದೊಂದು ಪ್ರಶ್ನೆಗೆ ಉತ್ತರ ಕೊಡುತ್ತದೆ. ಪ್ರಶ್ನೆ ಯಾವುದು ಅಂತ ಗೊತ್ತಿಲ್ಲದೆ ಒಳಗೆ ಹೋಗಿ ಮಲಗಿದರೆ ಮಾವನ ಹಾಗೆ ಆಗುತ್ತದೆ.

ಮೊದಲು ಕನ್ನಡಿ ಮುಂದೆ ನಿಲ್ಲಿ

ಪುಸ್ತಕದಲ್ಲಿ ಲಾಲಾಗ್ರಂಥಿ ಅನ್ನುತ್ತಾರೆ, ನಾನು ಜೊಲ್ಲಿನ ಗ್ರಂಥಿ ಅಂತಲೇ ಬರೆಯುತ್ತೇನೆ. ದೊಡ್ಡವು ಮೂರು ಜೋಡಿ. ಕಿವಿಯ ಮುಂದೆ, ಕೆನ್ನೆಯ ಹಿಂಭಾಗದಲ್ಲಿ ಇರುವುದು ಪೆರೋಟಿಡ್. ದವಡೆ ಎಲುಬಿನ ಕೆಳಗೆ ಇರುವುದು ಸಬ್‌ಮ್ಯಾಂಡಿಬ್ಯುಲರ್. ನಾಲಿಗೆಯ ಅಡಿಯಲ್ಲಿ ಇರುವುದು ಸಬ್‌ಲಿಂಗ್ವಲ್. ಇದಲ್ಲದೆ ತುಟಿ, ಅಂಗುಳ, ಕೆನ್ನೆಯ ಒಳಗೆಲ್ಲ ನೂರಾರು ಸಣ್ಣ ಸಣ್ಣ ಗ್ರಂಥಿಗಳು ಇವೆ. ಎಲ್ಲ ಸೇರಿ ದಿನಕ್ಕೆ ಅರ್ಧ ಲೀಟರಿನಿಂದ ಒಂದೂವರೆ ಲೀಟರ್ ಜೊಲ್ಲು ಮಾಡುತ್ತವೆ.

ಪೆರೋಟಿಡ್‌ನ ಕೊಳವೆ ಮೇಲಿನ ಎರಡನೇ ದವಡೆಹಲ್ಲಿನ ಎದುರಿಗೆ ಕೆನ್ನೆಯ ಒಳಗೆ ತೆರೆಯುತ್ತದೆ. ಸಬ್‌ಮ್ಯಾಂಡಿಬ್ಯುಲರ್‌ನದ್ದು ನಾಲಿಗೆಯ ಕೆಳಗೆ, ಮುಂದಿನ ಹಲ್ಲುಗಳ ಹಿಂದೆ. ನಾಲಿಗೆ ಎತ್ತಿ ಕನ್ನಡಿಯಲ್ಲಿ ನೋಡಿ, ನಡುವಿನ ತೆಳು ಪಟ್ಟಿಯ ಎರಡೂ ಬದಿಗೆ ಸಾಸಿವೆಯಷ್ಟು ಉಬ್ಬು ಕಾಣುತ್ತದೆ, ಅದೇ ಬಾಯಿ. ಈ ಕೊಳವೆ ಸುಮಾರು 5 ಸೆಂಟಿಮೀಟರ್ ಉದ್ದ, ಅದೂ ಕೆಳಗಿನಿಂದ ಮೇಲಕ್ಕೆ ಹತ್ತಿ ಬರುತ್ತದೆ. ಒಳಗಿನ ಜೊಲ್ಲು ಮಂದ, ಸುಣ್ಣದ ಅಂಶವೂ ಜಾಸ್ತಿ. ನಮ್ಮ ಚಾಳಿನ ಹಳೇ ನಲ್ಲಿ ಪೈಪ್ ನೆನಪು ಮಾಡಿಕೊಳ್ಳಿ. ನೀರು ನಿಧಾನಕ್ಕೆ ಏರುವ ಕಡೆ ಪದರ ಕಟ್ಟುತ್ತದಲ್ಲ, ಹಾಗೇ ಇಲ್ಲಿ ಕಲ್ಲು ಕಟ್ಟುತ್ತದೆ. ಜೊಲ್ಲಿನ ಕಲ್ಲುಗಳಲ್ಲಿ ನೂರಕ್ಕೆ 80ರಿಂದ 90 ಈ ಗ್ರಂಥಿಯಲ್ಲೇ ಆಗುತ್ತವೆ.

ಈಗ ಒಂದು ಕಾಗದ ತೆಗೆದುಕೊಂಡು ನಾಲ್ಕು ವಿಷಯ ಬರೆಯಿರಿ. ಊತ ಯಾವಾಗ ಬರುತ್ತದೆ? ಒಂದು ಬದಿಗೋ ಎರಡೂ ಬದಿಗೋ? ನೋವು ಇದೆಯೋ ಇಲ್ಲವೋ? ಎಷ್ಟು ದಿನದಿಂದ? ಸುಮ್ನೆ ಹೇಳುತ್ತಿಲ್ಲ, ಯಾವ ಸ್ಕ್ಯಾನ್ ಅನ್ನುವುದು ಅರ್ಧಕ್ಕರ್ಧ ಇಲ್ಲೇ ತೀರ್ಮಾನ ಆಗುತ್ತದೆ.

ಊಟದ ಹೊತ್ತಿಗೆ ಊದಿ, ಒಂದೆರಡು ಗಂಟೆಯಲ್ಲಿ ಇಳಿದರೆ ಎಲ್ಲೋ ಕೊಳವೆ ಕಟ್ಟಿದೆ, ಹೆಚ್ಚಾಗಿ ಕಲ್ಲು. ಕೆಂಪಾಗಿ, ಜ್ವರ ಬಂದು, ಒತ್ತಿದರೆ ಬಾಯೊಳಗೆ ಕೀವಿನ ರುಚಿ ಬಂದರೆ ಸೋಂಕು. ನೋವೇ ಇಲ್ಲದ ಗಂಟು ತಿಂಗಳುಗಟ್ಟಲೆ ನಿಧಾನಕ್ಕೆ ಬೆಳೆಯುತ್ತಿದ್ದರೆ ಅದು ಗಡ್ಡೆಯ ಪ್ರಶ್ನೆ. ಎರಡೂ ಬದಿ ದಪ್ಪಗಾಗಿ, ಬಾಯಿ ಕಣ್ಣು ಒಣಗಿ, ಒಣ ಚಪಾತಿ ನುಂಗಲು ನೀರು ಬೇಕೇ ಬೇಕು ಅಂತಾದರೆ ಅದರ ದಾರಿಯೇ ಬೇರೆ. ಮಕ್ಕಳಿಗೆ ಜ್ವರದ ಜೊತೆ ಎರಡೂ ಕೆನ್ನೆ ಊದಿ ಮಂಗನಬಾವು ಅಂತ ಡಾಕ್ಟರಿಗೆ ನೋಡಿಯೇ ಗೊತ್ತಾದರೆ ಸಾಮಾನ್ಯವಾಗಿ ಸ್ಕ್ಯಾನೇ ಬೇಡ.

ಇನ್ನೊಂದು ಮಾತು. ದವಡೆ ಕೆಳಗಿನ ಎಲ್ಲ ಊತವೂ ಜೊಲ್ಲಿನ ಗ್ರಂಥಿಯದ್ದಲ್ಲ. ಅದೇ ಜಾಗದಲ್ಲಿ ಲಿಂಫ್ ಗಂಟುಗಳೂ (ಸೋಂಕಿಗೆ ಎದುರಾಗಿ ನಿಲ್ಲುವ ಸಣ್ಣ ಗಂಟುಗಳು) ಇವೆ. ಹಲ್ಲಿನ ಕೀವಿಗೂ ಅವು ಊದುತ್ತವೆ, ಟಿಬಿಗೂ ಊದುತ್ತವೆ, ಬಾಯಿ ಕ್ಯಾನ್ಸರಿಗೂ ಊದುತ್ತವೆ. ಮಹಾರಾಷ್ಟ್ರದಲ್ಲಿ ಗುಟ್ಕಾ ನಿಷೇಧ ಆದದ್ದು 2012ರಲ್ಲಿ, ತಿನ್ನುವವರ ಬಾಯಿ ಮಾತ್ರ ಇವತ್ತಿಗೂ ನಿಂತಿಲ್ಲ. ತಂಬಾಕು ಹಾಕುವವರು ಈ ಭಾಗದ ಗಂಟನ್ನು ಒಂದು ವಾರವೂ ಹಗುರವಾಗಿ ತೆಗೆದುಕೊಳ್ಳಬೇಡಿ.

ಮುಖದ ಒಂದು ಬದಿ ಜಾರಿದರೆ, ಕಣ್ಣು ಪೂರ್ತಿ ಮುಚ್ಚದಿದ್ದರೆ, ಗಂಟು ಕಲ್ಲಿನ ಹಾಗೆ ಗಟ್ಟಿಯಾಗಿ ಅಲ್ಲಾಡದೆ ಕೂತಿದ್ದರೆ, ಬಾಯಿ ತೆರೆಯಲು ಆಗದಿದ್ದರೆ, ಉಸಿರಿಗೆ ಅಥವಾ ನುಂಗಲು ಕಷ್ಟ ಆದರೆ ಈ ಬರಹ ಓದುತ್ತಾ ಕೂರಬೇಡಿ, ಇವತ್ತೇ ಡಾಕ್ಟರ್ ಹತ್ತಿರ ಹೋಗಿ. ಮುಖದ ಸ್ನಾಯು ಆಡಿಸುವ ನರ ಪೆರೋಟಿಡ್‌ನ ನಡುವಿನಿಂದಲೇ ಹಾದುಹೋಗುತ್ತದೆ, ಅದಕ್ಕೇ ಈ ಎಚ್ಚರಿಕೆ.

ಸೋನೋಗ್ರಫಿಯಿಂದ ಶುರು ಮಾಡಿ

ಬೆಂಗಳೂರಿನವರು ಅಲ್ಟ್ರಾಸೌಂಡ್ ಅನ್ನುತ್ತಾರೆ, ಮುಂಬೈಯಲ್ಲಿ ಎಲ್ಲರಿಗೂ ಸೋನೋಗ್ರಫಿ. ಮಾವನಿಗೆ ಹೇಳಿದಾಗ ಅವರು ನಕ್ಕುಬಿಟ್ಟರು. "ನನಗೆಂತ ಸೋನೋಗ್ರಫಿ? ನಾನೇನು ಬಸುರಿಯಾ?" ಹೋದ ಮೇಲೆ ಗರ್ಭಲಿಂಗ ಪತ್ತೆ ಮಾಡುವುದಿಲ್ಲ ಅಂತ ಮರಾಠಿಯಲ್ಲಿ ಬರೆದ ಬೋರ್ಡ್ ನೋಡಿ ಮತ್ತೊಮ್ಮೆ ನಕ್ಕರು. ಆ ಬೋರ್ಡು 1994ರ ಕಾನೂನಿನಿಂದ ಬಂದದ್ದು, ಸೋನೋಗ್ರಫಿ ಮಾಡುವ ಕಡೆಯಲ್ಲೆಲ್ಲ ಇರಲೇಬೇಕು. ಅದಕ್ಕೂ ನಿಮ್ಮ ದವಡೆಗೂ ಸಂಬಂಧ ಇಲ್ಲ.

ಜೊಲ್ಲಿನ ಗ್ರಂಥಿಗಳು ಚರ್ಮದ ಕೆಳಗೇ ಇರುತ್ತವೆ. ಅದಕ್ಕೇ ಸೋನೋಗ್ರಫಿ ಇಲ್ಲಿ ತುಂಬಾ ಚೆನ್ನಾಗಿ ಕೆಲಸ ಮಾಡುತ್ತದೆ. ವಿಕಿರಣ ಇಲ್ಲ, ಸೂಜಿ ಇಲ್ಲ, ಹೊಟ್ಟೆ ಖಾಲಿ ಇಡುವುದು ಬೇಡ, ಒಂದು ಎಂಆರ್‌ಐ ಬಿಲ್ಲಿನಲ್ಲಿ ಮೂರ್ನಾಲ್ಕು ಸೋನೋಗ್ರಫಿ ಆಗುತ್ತದೆ. 2 ಮಿಲಿಮೀಟರಿಗಿಂತ ದೊಡ್ಡ ಕಲ್ಲುಗಳಲ್ಲಿ ಹೆಚ್ಚಿನವು ಇದರಲ್ಲೇ ಸಿಕ್ಕಿಬೀಳುತ್ತವೆ. ಗಂಟು ಗ್ರಂಥಿಯ ಒಳಗಿದೆಯೋ ಹೊರಗಿದೆಯೋ, ನೀರು ತುಂಬಿದ್ದೋ ಗಟ್ಟಿಯಾದದ್ದೋ, ಕೀವು ಕಟ್ಟಿದೆಯೋ, ರಕ್ತ ಓಡಾಟ ಎಷ್ಟಿದೆ, ಇದೆಲ್ಲ ಹತ್ತು ಹದಿನೈದು ನಿಮಿಷದಲ್ಲಿ ಗೊತ್ತಾಗುತ್ತದೆ.

ಮಾಡಿಸುವಾಗ ಇಷ್ಟು ನೋಡಿಕೊಳ್ಳಿ. ಡಾಕ್ಟರ್ ಕೊಟ್ಟ ಚೀಟಿಯಲ್ಲಿ ಬರೇ "ಯುಎಸ್‌ಜಿ ನೆಕ್" (ಕುತ್ತಿಗೆಯ ಸೋನೋಗ್ರಫಿ) ಅಂತಿದ್ದರೆ ಥೈರಾಯ್ಡ್ ನೋಡಿ ಕಳಿಸುವ ಸಾಧ್ಯತೆಯೂ ಇದೆ. "ಎಡ ಸಬ್‌ಮ್ಯಾಂಡಿಬ್ಯುಲರ್, ಊಟದ ಹೊತ್ತಿಗೆ ಊತ, ಕಲ್ಲು ಇದೆಯಾ ನೋಡಿ" ಅಂತ ಬರೆಸಿಕೊಳ್ಳಿ. ಡಾಕ್ಟರಿಗೆ ಅರ್ಧ ನಿಮಿಷದ ಕೆಲಸ, ನಮಗೆ ಅದೇ ದಾರಿದೀಪ. ಬೆಳಿಗ್ಗೆ ನೂರು ಜನರ ಸಾಲಿನಲ್ಲಿ ನೀವು ಯಾರು, ಯಾಕೆ ಬಂದಿದ್ದೀರಿ ಅಂತ ಆ ಚೀಟಿ ಬಿಟ್ಟು ನಮಗೆ ಹೇಳುವವರು ಯಾರೂ ಇಲ್ಲ.

ಎರಡನೆಯದು, ಊತ ಇರುವಾಗಲೇ ಹೋಗಿ. ಆಗದಿದ್ದರೆ ಕಿಸೆಯಲ್ಲಿ ಒಂದು ಲಿಂಬೆ ಹೋಳು ಇಟ್ಟುಕೊಂಡು ಹೋಗಿ, ಡಾಕ್ಟರಿಗೆ ಕೇಳಿ ಅಲ್ಲೇ ಚೀಪಿ. ಹುಳಿ ಬಿದ್ದ ಕೂಡಲೇ ಗ್ರಂಥಿ ಜೊಲ್ಲು ಸುರಿಸುತ್ತದೆ, ಮುಂದೆ ದಾರಿ ಕಟ್ಟಿದ್ದರೆ ಕೊಳವೆ ಉಬ್ಬುತ್ತದೆ, ಉಬ್ಬಿದ ಕೊಳವೆ ಪರದೆಯ ಮೇಲೆ ಕಪ್ಪು ಪಟ್ಟಿಯ ಹಾಗೆ ಎದ್ದು ಕಾಣುತ್ತದೆ. ಮಾವ ಲಿಂಬೆ ಬೇಡ ಅಂತ ಪ್ಲಾಸ್ಟಿಕ್ ಪೊಟ್ಟಣದಲ್ಲಿ ಒಂದು ಮಿಡಿಯನ್ನೇ ಕಟ್ಟಿಕೊಂಡು ಬಂದಿದ್ದರು. ಕಾಯುವ ಕೋಣೆಯೆಲ್ಲ ಇಂಗು, ಸಾಸಿವೆ ಪರಿಮಳ.

ಅವರ ಸೋನೋಗ್ರಫಿ ನಾನು ಪಕ್ಕದಲ್ಲೇ ನಿಂತು ನೋಡಿದೆ. ತಣ್ಣನೆಯ ಜೆಲ್ ಹಚ್ಚಿ, ಸೋನೋಗ್ರಫಿ ಮಾಡುವ ಡಾಕ್ಟರ್ ಮೇಡಂ ಪ್ರೋಬನ್ನು (ಕೈಯಲ್ಲಿ ಹಿಡಿದು ಮೈಗೆ ಒತ್ತುವ ಸಾಧನ) ದವಡೆಯ ಅಂಚಿಗೆ ಒತ್ತಿ ಹಿಡಿದರು. ಮೊದಲು ಬೂದು ಬಣ್ಣದ ಗ್ರಂಥಿ, ಅದರ ಹಿಂದೆ ಕಪ್ಪು ಕೊಳವೆ, ಮಾಮೂಲಿಗಿಂತ ಅಗಲ. ಅವರು ಪ್ರೋಬನ್ನು ಮೆಲ್ಲಗೆ ಮುಂದೆ, ಗಲ್ಲದ ಕಡೆಗೆ ಜಾರಿಸುತ್ತಾ ಹೋದರು. ಕೊಳವೆಯ ಕೊನೆಗೆ ಒಂದು ಬಿಳಿ ಕಮಾನು ಫಳ್ ಅಂತ ಹೊಳೆಯಿತು, ಅದರ ಕೆಳಗೆ ಕತ್ತರಿಸಿದಂತೆ ನೇರ ನೆರಳು. ಕಲ್ಲು. ಅಳೆದರೆ 6 ಮಿಲಿಮೀಟರ್. ಆಮೇಲೆ ಮೇಡಂ ಕೈಗವಸು ಹಾಕಿಕೊಂಡು ನಾಲಿಗೆ ಕೆಳಗೆ ಒಂದು ಬೆರಳು, ಹೊರಗಿನಿಂದ ಇನ್ನೊಂದು ಬೆರಳು ಇಟ್ಟು ಒತ್ತಿದರು. "ಕೈಗೇ ಸಿಗುತ್ತಿದೆ" ಅಂದರು. ಇಷ್ಟು ದಿನ ಯಾರೂ ಆ ಬೆರಳು ಇಟ್ಟಿರಲಿಲ್ಲ. ನನಗೂ ನಾಚಿಕೆ ಆಯಿತು.

ಹಾಗಂತ ಸೋನೋಗ್ರಫಿಗೆ ಎಲ್ಲ ಕಾಣುತ್ತದೆ ಅಂತಲ್ಲ. ಶಬ್ದದ ಅಲೆ ಎಲುಬು ದಾಟುವುದಿಲ್ಲ. ಪೆರೋಟಿಡ್‌ನ ಒಳಪದರ ದವಡೆ ಎಲುಬಿನ ಹಿಂದೆ ಅಡಗಿರುತ್ತದೆ, ಅಲ್ಲಿರುವ ಗಂಟು ಪೂರ್ತಿ ಸಿಗುವುದಿಲ್ಲ. ಸಾಸಿವೆಗಿಂತ ಸಣ್ಣ ಕಲ್ಲು ತಪ್ಪಿಹೋಗಬಹುದು. ಮಾಡುವವರ ಕೈಯ ಅನುಭವವೂ ಲೆಕ್ಕಕ್ಕೆ ಬರುತ್ತದೆ. ದಿನವಿಡೀ ಹೊಟ್ಟೆಯನ್ನೇ ನೋಡುವ ಕಡೆಗಿಂತ ಕುತ್ತಿಗೆ ಸೋನೋಗ್ರಫಿ ಜಾಸ್ತಿ ಮಾಡುವ ಕಡೆ ಹೋಗುವುದು ಒಳ್ಳೆಯದು. ಫೋನ್ ಮಾಡಿ ಕೇಳಿ, ಅದರಲ್ಲೇನು ಸಂಕೋಚ?

ಎಕ್ಸ್‌ರೇ

ಹಳೇ ದಾರಿ, ಆದರೆ ಪೂರ್ತಿ ಸತ್ತಿಲ್ಲ. ಹಲ್ಲಿನ ಆಸ್ಪತ್ರೆಯಲ್ಲಿ ಫಿಲ್ಮನ್ನು ಹಲ್ಲುಗಳ ನಡುವೆ ಕಚ್ಚಿಸಿ ಗಲ್ಲದ ಕೆಳಗಿನಿಂದ ತೆಗೆಯುವ ಅಕ್ಲೂಸಲ್ ಎಕ್ಸ್‌ರೇಯಲ್ಲಿ ನಾಲಿಗೆ ಕೆಳಗಿನ ಕಲ್ಲು ಅಕ್ಕಿಕಾಳಿನ ಹಾಗೆ ಬೆಳ್ಳಗೆ ಕಾಣುತ್ತದೆ. ಸಬ್‌ಮ್ಯಾಂಡಿಬ್ಯುಲರ್ ಕಲ್ಲುಗಳಲ್ಲಿ ನೂರಕ್ಕೆ 80ರಷ್ಟು ಎಕ್ಸ್‌ರೇಗೆ ಕಾಣುವಂಥವು. ಪೆರೋಟಿಡ್ ಕಲ್ಲಿನಲ್ಲಿ ಸುಣ್ಣ ಕಮ್ಮಿ, ಅದರಲ್ಲಿ ಬಹಳಷ್ಟು ಕಾಣುವುದೇ ಇಲ್ಲ. ಎಕ್ಸ್‌ರೇ ಚೆನ್ನಾಗಿದೆ ಅಂದರೆ ಕಲ್ಲಿಲ್ಲ ಅಂತ ಅರ್ಥ ಮಾಡಿಕೊಳ್ಳಬೇಡಿ, ಅಷ್ಟೇ.

ಸಿಟಿ ಯಾವಾಗ

ಕಲ್ಲು ಇದೆ ಅಂತ ಬಲವಾದ ಅನುಮಾನ, ಆದರೆ ಸೋನೋಗ್ರಫಿಯಲ್ಲಿ ಸಿಗಲಿಲ್ಲ. ಅಥವಾ ಕಲ್ಲು ಎಷ್ಟಿವೆ, ಸರಿಯಾಗಿ ಎಲ್ಲಿ ಕೂತಿವೆ ಅಂತ ಸರ್ಜನ್‌ಗೆ ಬೇಕು. ಆಗ ಸಿಟಿ. ಇದಕ್ಕೆ ಔಷಧಿ ಚುಚ್ಚದೆ ತೆಗೆಯುವ ಪ್ಲೇನ್ ಸಿಟಿ ಸಾಕು, ತೆಳು ಸ್ಲೈಸ್‌ನಲ್ಲಿ ತೆಗೆದರೆ ಸಣ್ಣ ಕಲ್ಲೂ ಬೆಳ್ಳಗೆ ಮಿಂಚುತ್ತದೆ. ಒಳಗೆ ಕೀವು ಕಟ್ಟಿ ಕುತ್ತಿಗೆಗೆ ಇಳಿಯುತ್ತಿದೆಯಾ ಅನ್ನುವ ಪ್ರಶ್ನೆ ಆದರೆ ಕಾಂಟ್ರಾಸ್ಟ್ ಹಾಕಿ ತೆಗೆಯುತ್ತಾರೆ. ಕೈಯ ರಕ್ತನಾಳಕ್ಕೆ ಅಯೋಡಿನ್ ಇರುವ ಔಷಧಿ ಹೋಗುತ್ತದೆ, ಮೈಯೆಲ್ಲ ಬಿಸಿ ಹರಿದ ಹಾಗೆ ಆಗುತ್ತದೆ, ಉಚ್ಚೆ ಹೋಯಿತೇನೋ ಅಂತಲೂ ಅನಿಸುತ್ತದೆ. ಹೋಗಿರುವುದಿಲ್ಲ, ಹೆದರಬೇಡಿ. ಸ್ವಲ್ಪ ಹೊತ್ತಲ್ಲೇ ಸರಿಯಾಗುತ್ತದೆ.

ಕಾಂಟ್ರಾಸ್ಟ್ ಅಂದರೆ ಮೊದಲು ಕಿಡ್ನಿ ಹೇಗಿದೆ ಅಂತ ತೋರಿಸುವ ಕ್ರಿಯಾಟಿನಿನ್ ರಕ್ತ ಪರೀಕ್ಷೆಯ ರಿಪೋರ್ಟ್ ಕೇಳುತ್ತಾರೆ, ಮನೆಯಿಂದ ಹೊರಡುವಾಗಲೇ ಇಟ್ಟುಕೊಳ್ಳಿ. ಶುಗರಿಗೆ ಮೆಟ್‌ಫಾರ್ಮಿನ್ ತಗೊಳ್ಳುವವರು ಚೀಟಿ ತೋರಿಸಿ. ಕಿಡ್ನಿ ಚೆನ್ನಾಗಿದ್ದರೆ ಸಾಮಾನ್ಯವಾಗಿ ನಿಲ್ಲಿಸಬೇಕಾಗಿಲ್ಲ, ಕಿಡ್ನಿ ತೀರಾ ಸೋತಿದ್ದರೆ 48 ಗಂಟೆ ನಿಲ್ಲಿಸಲು ಹೇಳುತ್ತಾರೆ. ನೀವಾಗಿ ನಿಲ್ಲಿಸಬೇಡಿ, ನೀವಾಗಿ ಮುಂದುವರಿಸಲೂ ಬೇಡಿ.

ನಮ್ಮ ಕರಾವಳಿಯವರು ತಪ್ಪದೆ ಕೇಳುವ ಪ್ರಶ್ನೆ ಒಂದಿದೆ. "ನನಗೆ ಸಿಗಡಿ ಆಗುವುದಿಲ್ಲ, ಮೈ ತುರಿಸುತ್ತದೆ, ಅಯೋಡಿನ್ ಔಷಧಿ ಹಾಕಬಹುದಾ?" ಸಿಗಡಿಯ ಅಲರ್ಜಿ ಅದರ ಪ್ರೋಟೀನಿಗೆ ಆಗುವುದು, ಅಯೋಡಿನ್‌ಗೆ ಅಲ್ಲ. ನಮಗೆ ನಿಜವಾಗಿ ಬೇಕಾದದ್ದು ಬೇರೆ: ಹಿಂದೆ ಯಾವಾಗಲಾದರೂ ಇದೇ ಕಾಂಟ್ರಾಸ್ಟಿಗೆ ತೊಂದರೆ ಆಗಿತ್ತಾ, ಅಸ್ತಮಾ ಇದೆಯಾ. ಅದನ್ನು ಮುಚ್ಚಿಡಬೇಡಿ.

ಹಲ್ಲಿಗೆ ಲೋಹದ ಕ್ಯಾಪ್, ಫಿಲ್ಲಿಂಗ್ ಇದ್ದರೆ ಹೇಳಿ. ಸಿಟಿಯಲ್ಲಿ ಅದು ಸೂರ್ಯನ ಕಿರಣದ ಹಾಗೆ ಗೀಟು ಗೀಟಾಗಿ ಹರಡಿ, ಪಕ್ಕದ ಕಲ್ಲನ್ನೇ ಮುಚ್ಚಿಬಿಡುತ್ತದೆ. ಮೊದಲೇ ಗೊತ್ತಿದ್ದರೆ ಕೋನ ಬದಲಿಸಿ ಅಥವಾ ಬಾಯಿ ತೆರೆಸಿ ಇನ್ನೊಂದು ಸುತ್ತು ತೆಗೆಯಬಹುದು. ತೆಗೆದಿಡಬಹುದಾದ ಹಲ್ಲಿನ ಸೆಟ್ ಆದರೆ ತೆಗೆದು ಕರವಸ್ತ್ರದಲ್ಲಿ ಕಟ್ಟಿಕೊಳ್ಳಿ. ನಮ್ಮ ಡ್ರಾಯರಿನಲ್ಲಿ ಮರೆತು ಹೋದ ಸೆಟ್ ಎರಡು ಇವೆ, ಯಾರದ್ದೋ ಏನೋ.

ವಿಕಿರಣದ ಹೆದರಿಕೆ ಎಷ್ಟು ಬೇಕೋ ಅಷ್ಟೇ ಇರಲಿ. ಕುತ್ತಿಗೆಯ ಒಂದು ಸಿಟಿಗೆ ಸುಮಾರು 3 ಮಿಲಿಸೀವರ್ಟ್ (ಮೈಗೆ ತಾಗುವ ವಿಕಿರಣದ ಅಳತೆ). ನೆಲ, ಗಾಳಿ, ಆಕಾಶದಿಂದ ನಮಗೆ ಸುಮ್ನೆ ಬದುಕಿದ್ದಕ್ಕೇ ವರ್ಷಕ್ಕೆ ಜಗತ್ತಿನ ಸರಾಸರಿ 2.4 ಮಿಲಿಸೀವರ್ಟ್ ಬರುತ್ತದೆ. ಬೇಕಿದ್ದಾಗ ಹೆದರುವಷ್ಟಲ್ಲ, ಬೇಡದಿದ್ದಾಗ ತಗೊಳ್ಳುವಷ್ಟು ಪುಕ್ಕಟೆಯೂ ಅಲ್ಲ. ಬಸುರಿ ಅಂತ ಅನುಮಾನ ಇದ್ದರೂ ಮೊದಲೇ ಹೇಳಿ. ಎಕ್ಸ್‌ರೇ, ಸಿಟಿ ಯಂತ್ರಕ್ಕೆ ಎಇಆರ್‌ಬಿಯ (ಅಣುಶಕ್ತಿ ನಿಯಂತ್ರಣ ಮಂಡಳಿ) ಲೈಸೆನ್ಸ್ ಇರಬೇಕು. 1983ರಲ್ಲಿ ಶುರುವಾದ ಆ ಮಂಡಳಿಯ ಮುಖ್ಯ ಕಚೇರಿ ಇಲ್ಲೇ ಅಣುಶಕ್ತಿನಗರದಲ್ಲಿದೆ. ಇದೆಯಾ ಅಂತ ಕೇಳಿದರೆ ಯಾರೂ ಮುನಿಸಿಕೊಳ್ಳಬಾರದು.

ಎಂಆರ್‌ಐ ಗಂಟಿಗೆ

ಈಗ ಮಾವನ ಪ್ರಶ್ನೆಗೆ ಉತ್ತರ. ಎಂಆರ್‌ಐ ನೋಡುವುದು ಮೈಯೊಳಗಿನ ನೀರು, ಕೊಬ್ಬಿನ ಸಿಗ್ನಲ್. ಕಲ್ಲಿನಲ್ಲಿ ಅದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ, ಹಾಗಾಗಿ ಅದು ಕಪ್ಪಗೆ ಉಳಿಯುತ್ತದೆ. ಸಣ್ಣ ಕಲ್ಲಾದರೆ ಸುತ್ತಲಿನ ಕಪ್ಪಿನಲ್ಲೇ ಕರಗಿಹೋಗುತ್ತದೆ. ಯಂತ್ರ ಸುಳ್ಳು ಹೇಳಲಿಲ್ಲ, ಅದಕ್ಕೆ ಕೇಳಬಾರದ ಪ್ರಶ್ನೆ ಕೇಳಿದ್ದು.

ಗಟ್ಟಿ ಗಂಟು ಇದೆ, ಅದು ಎಷ್ಟು ಆಳಕ್ಕೆ ಹೋಗಿದೆ, ಒಳಪದರ ಸೇರಿದೆಯಾ, ನರದ ಉದ್ದಕ್ಕೂ ಹರಡಿದೆಯಾ, ತಲೆಬುರುಡೆಯ ತಳಕ್ಕೆ ಹತ್ತಿರ ಇದೆಯಾ ಅನ್ನುವ ಪ್ರಶ್ನೆಗಳಿಗೆ ಎಂಆರ್‌ಐಯನ್ನು ಮೀರಿಸಿದ್ದು ಇಲ್ಲ. ಜೊಲ್ಲಿನ ಗ್ರಂಥಿಯ ಗಡ್ಡೆಗಳಲ್ಲಿ ಸುಮಾರು ನೂರಕ್ಕೆ 80 ಪೆರೋಟಿಡ್‌ನಲ್ಲೇ ಬರುತ್ತವೆ, ಅವುಗಳಲ್ಲೂ ಸುಮಾರು 80 ಪಾಲು ಕ್ಯಾನ್ಸರ್ ಅಲ್ಲ. ಅತಿ ಸಾಮಾನ್ಯವಾದದ್ದು ಪ್ಲಿಯೋಮಾರ್ಫಿಕ್ ಅಡಿನೋಮಾ. ಬೀಡಿ ಸಿಗರೇಟು ಸೇದುವ ವಯಸ್ಸಾದವರಲ್ಲಿ ವಾರ್ತಿನ್ ಅನ್ನುವ ಗಡ್ಡೆ, ಒಮ್ಮೊಮ್ಮೆ ಎರಡೂ ಬದಿಗೆ. ಗ್ರಂಥಿ ಸಣ್ಣದಾದಷ್ಟೂ ಹುಷಾರು ಜಾಸ್ತಿ ಬೇಕು. ನಾಲಿಗೆ ಕೆಳಗಿನ ಸಬ್‌ಲಿಂಗ್ವಲ್‌ನಲ್ಲಿ ಗಡ್ಡೆ ಬರುವುದೇ ಅಪರೂಪ, ಬಂದರೆ ಹೆಚ್ಚಿನವು ಕೆಟ್ಟವೇ.

ಒಳಗೆ ಮಲಗುವ ಮೊದಲು ಕರಿಮಣಿ, ಕಾಲುಂಗುರ, ಕಿವಿಯ ಬೆಂಡೋಲೆ, ಉಡಿದಾರದಲ್ಲಿ ಕಟ್ಟಿದ ಬೀಗದ ಕೈ ಎಲ್ಲ ಹೊರಗೆ. ಪೇಸ್‌ಮೇಕರ್, ಕಿವಿಯೊಳಗಿನ ಇಂಪ್ಲಾಂಟ್, ಮೆದುಳಿನ ಕ್ಲಿಪ್ ಇದ್ದರೆ ಅದರ ಕಾಗದ ತನ್ನಿ. ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ, ಟಕಟಕ ಸದ್ದು. ಮುಖ್ಯ ಏನಂದರೆ, ಸದ್ದು ಆಗುತ್ತಿರುವಾಗ ಎಂಜಲು ನುಂಗಬೇಡಿ, ಸದ್ದು ನಿಂತಾಗ ನುಂಗಿ. ನುಂಗಿದರೆ ಗಂಟಲು ಅಲ್ಲಾಡುತ್ತದೆ, ಚಿತ್ರ ಕಲಸಿಹೋಗುತ್ತದೆ, ನಾನು ಮತ್ತೆ ಶುರುವಿನಿಂದ ತೆಗೆಯಬೇಕು. ಪಾನ್ ಹಾಕಿಕೊಂಡೇ ಒಳಗೆ ಬಂದವರನ್ನೂ ನೋಡಿದ್ದೇನೆ.

ಎಂಆರ್ ಸಿಯಾಲೋಗ್ರಫಿ ಅಂತ ಇನ್ನೊಂದಿದೆ, ನನಗೆ ತುಂಬಾ ಇಷ್ಟವಾದದ್ದು. ಔಷಧಿ ಇಲ್ಲ, ಸೂಜಿ ಇಲ್ಲ. ನಿಮ್ಮ ಜೊಲ್ಲೇ ಬಣ್ಣ. ನಾಲಿಗೆ ಮೇಲೆ ನಾಲ್ಕು ಹನಿ ಲಿಂಬೆರಸ ಹಾಕಿ ತೆಗೆದರೆ, ಮೊದಲು ದಾರದಷ್ಟು ಕಾಣುತ್ತಿದ್ದ ಕೊಳವೆ ಮಳೆಗೆ ತೋಡು ತುಂಬಿದ ಹಾಗೆ ತುಂಬಿ, ಕೊಂಬೆ ಕೊಂಬೆಯಾಗಿ ಬೆಳ್ಳಗೆ ಕಾಣುತ್ತದೆ. ಕೊಳವೆ ಎಲ್ಲಿ ಸಪೂರ ಆಗಿದೆ, ಎಲ್ಲಿ ನಿಂತಿದೆ ಅಂತ ಗೊತ್ತಾಗುತ್ತದೆ. ಎಲ್ಲ ಸೆಂಟರಿನಲ್ಲೂ ಮಾಡುವುದಿಲ್ಲ, ಕೇಳಿಕೊಂಡು ಹೋಗಿ.

ಉಳಿದವು

ಹಳೇ ಸಿಯಾಲೋಗ್ರಫಿಯಲ್ಲಿ ಕೊಳವೆಯ ಬಾಯಿಗೆ ಕೂದಲಿನಂಥ ನಳಿಕೆ ತೂರಿಸಿ ಔಷಧಿ ಬಿಟ್ಟು ಎಕ್ಸ್‌ರೇ ತೆಗೆಯುತ್ತಾರೆ. ಕೊಳವೆ ಸಪೂರ ಆಗಿದೆಯಾ ನೋಡಲು ಇವತ್ತಿಗೂ ಕೆಲಸಕ್ಕೆ ಬರುತ್ತದೆ. ಆದರೆ ಕೀವು, ಜ್ವರ ಇರುವಾಗ ಮಾಡಬಾರದು, ಸೋಂಕು ಇನ್ನೂ ಹಿಂದಕ್ಕೆ ಹೋಗುತ್ತದೆ.

ನ್ಯೂಕ್ಲಿಯರ್ ಸ್ಕ್ಯಾನ್ ಗ್ರಂಥಿಯ ಆಕಾರಕ್ಕಲ್ಲ, ಅದು ಎಷ್ಟು ಕೆಲಸ ಮಾಡುತ್ತಿದೆ ಅನ್ನುವುದಕ್ಕೆ. ಟೆಕ್ನೀಷಿಯಮ್ ಅನ್ನುವ ವಸ್ತುವನ್ನು ಚುಚ್ಚುತ್ತಾರೆ, 6 ಗಂಟೆಗೆ ಅದರ ಬಲ ಅರ್ಧ ಆಗುತ್ತದೆ. ಗ್ರಂಥಿ ಅದನ್ನು ಎಷ್ಟು ಹೀರಿತು, ಲಿಂಬೆರಸ ಕೊಟ್ಟ ಮೇಲೆ ಎಷ್ಟು ಹೊರಗೆ ಬಿಟ್ಟಿತು ಅಂತ ಗ್ರಾಫ್ ಬರುತ್ತದೆ. ಥೈರಾಯ್ಡ್ ಕ್ಯಾನ್ಸರಿಗೆ ರೇಡಿಯೋ ಅಯೋಡಿನ್ ತಗೊಂಡ ಕೆಲವರಿಗೆ ಆಮೇಲೆ ಜೊಲ್ಲಿನ ಗ್ರಂಥಿ ಊದುವುದು, ಬಾಯಿ ಒಣಗುವುದು ಇದೆ, ಅಂಥವರಿಗೂ ಕೇಳುತ್ತಾರೆ.

ಪಿಇಟಿ ಸ್ಕ್ಯಾನ್ ಕ್ಯಾನ್ಸರ್ ಅಂತ ಗೊತ್ತಾದ ಮೇಲೆ ಎಲ್ಲಿಗೆಲ್ಲ ಹರಡಿದೆ ನೋಡಲು. ಗಂಟು ಒಳ್ಳೆಯದೋ ಕೆಟ್ಟದೋ ತಿಳಿಯಲು ಅದನ್ನು ಮಾಡಿಸಬೇಡಿ. ಪಾಪದ ವಾರ್ತಿನ್ ಗಡ್ಡೆಯೂ ಅದರಲ್ಲಿ ಕೆಂಡದ ಹಾಗೆ ಹೊಳೆದು ಮನೆಮಂದಿಯ ನಿದ್ದೆ ಕೆಡಿಸುತ್ತದೆ.

ಬಾಯಿ ಕಣ್ಣು ಒಣಗುವ ಕಾಯಿಲೆಗೆ ಶೋಗ್ರನ್ ಅಂತ ಹೆಸರು, ಸ್ವೀಡನ್ನಿನ ಕಣ್ಣಿನ ಡಾಕ್ಟರ್ ಹೆನ್ರಿಕ್ ಶೋಗ್ರನ್ 1933ರಲ್ಲಿ ಇದನ್ನು ವಿವರವಾಗಿ ಬರೆದರು. ನಡುವಯಸ್ಸಿನ ಹೆಂಗಸರಲ್ಲಿ ಜಾಸ್ತಿ. ಸೋನೋಗ್ರಫಿಯಲ್ಲಿ ಗ್ರಂಥಿ ಜೇನುಗೂಡಿನ ಹಾಗೆ ತೂತು ತೂತಾಗಿ ಕಾಣುತ್ತದೆ. ಆದರೆ ತೀರ್ಮಾನಕ್ಕೆ ರಕ್ತ ಪರೀಕ್ಷೆ, ಕೆಲವೊಮ್ಮೆ ಒಳತುಟಿಯ ಸಣ್ಣ ತುಣುಕು ಬೇಕು. ಅದಕ್ಕೂ ಮೊದಲು ನಿಮ್ಮ ಮಾತ್ರೆಗಳನ್ನು ಡಾಕ್ಟರಿಗೆ ತೋರಿಸಿ. ಅಲರ್ಜಿ ಮಾತ್ರೆ, ಕೆಲವು ಬಿಪಿ ಮಾತ್ರೆ, ಡಿಪ್ರೆಶನ್ ಮಾತ್ರೆ ಬಾಯಿ ಒಣಗಿಸುತ್ತವೆ.

ಗಂಟು ಅಂತ ಆದರೆ ಚಿತ್ರ ಎಷ್ಟೇ ಚೆನ್ನಾಗಿರಲಿ, ಕೊನೆಗೆ ಸೂಜಿ ಪರೀಕ್ಷೆ ಬೇಕಾಗುತ್ತದೆ. ಸೋನೋಗ್ರಫಿ ನೋಡಿಕೊಂಡೇ ಸಪೂರ ಸೂಜಿ ಹಾಕಿ ನಾಲ್ಕು ಜೀವಕೋಶ ತೆಗೆಯುತ್ತಾರೆ, ಎಫ್‌ಎನ್‌ಎಸಿ ಅಂತ. "ಸೂಜಿ ಹಾಕಿದರೆ ಕ್ಯಾನ್ಸರ್ ಹರಡುತ್ತದೆ" ಅಂತ ಲೋಕಲ್ ಟ್ರೈನಿನಲ್ಲಿ ಕೇಳಿದ್ದನ್ನು ನಂಬಿ ಬಿಟ್ಟುಹೋಗಬೇಡಿ. ಈ ಸಪೂರ ಸೂಜಿಯಿಂದ ಹಾಗಾಗುವುದು ತೀರಾ ಅಪರೂಪ.

ರಿಪೋರ್ಟ್ ಕೈಗೆ ಬಂದಾಗ

"ಲೀಷನ್" ಅಂದರೆ ಕ್ಯಾನ್ಸರ್ ಅಲ್ಲ, ಮಾಮೂಲಿಗಿಂತ ಬೇರೆ ಏನೋ ಇದೆ ಅಂತ ಅಷ್ಟೇ. "ಕ್ಯಾಲ್ಕುಲಸ್" ಅಂದರೆ ಕಲ್ಲು. "ಸಿಯಾಲಾಡಿನೈಟಿಸ್" ಅಂದರೆ ಗ್ರಂಥಿಯ ಉರಿಯೂತ. "ಡೈಲೇಟೆಡ್ ಡಕ್ಟ್" ಅಂದರೆ ಕೊಳವೆ ಅಗಲವಾಗಿದೆ, ಮುಂದೆಲ್ಲೋ ಅಡ್ಡಿ ಇದೆಯಾ ಹುಡುಕಬೇಕು. "ಇಂಟ್ರಾಪೆರೋಟಿಡ್ ನೋಡ್" ಅಂತ ಓದಿ ಎದೆ ಒಡೆದುಕೊಳ್ಳಬೇಡಿ, ಪೆರೋಟಿಡ್‌ನೊಳಗೆ ಸಣ್ಣ ಲಿಂಫ್ ಗಂಟು ಇರುವುದು ಸಹಜವೇ. ರಿಪೋರ್ಟಿನ ಜೊತೆ ಸಿಡಿ ಅಥವಾ ಲಿಂಕ್ ಕೇಳಿ ತಗೊಳ್ಳಿ. ಸರ್ಜನ್‌ಗಳು ಕಾಗದಕ್ಕಿಂತ ಚಿತ್ರವನ್ನೇ ನೋಡುತ್ತಾರೆ. ಹಳೇ ಫಿಲ್ಮ್ ಇದ್ದರೆ ಬಿಸಾಡಬೇಡಿ. ಎರಡು ವರ್ಷದ ಹಿಂದೆಯೂ ಗಂಟು ಅಷ್ಟೇ ಇತ್ತು ಅಂತ ಗೊತ್ತಾಗುವುದೇ ದೊಡ್ಡ ಮಾಹಿತಿ.

ದುಡ್ಡಿನ ತಾಪತ್ರಯ ಇರುವವರು ಪರೇಲಿನ ಕೆಇಎಂ, ಸಯನ್ ಆಸ್ಪತ್ರೆ, ಮುಂಬೈ ಸೆಂಟ್ರಲ್ ಹತ್ತಿರದ ನಾಯರ್ ಆಸ್ಪತ್ರೆಗಳ ಇಎನ್‌ಟಿ (ಕಿವಿ, ಮೂಗು, ಗಂಟಲು) ಒಪಿಡಿಗೆ ಹೋಗಬಹುದು. ಬೆಳಿಗ್ಗೆ ಬೇಗ ಹೋಗಿ ಕೇಸ್ ಪೇಪರ್ ಮಾಡಿಸಿ. ಸಾಲು ಉದ್ದ, ತಾಳ್ಮೆ ಬೇಕು, ಆದರೆ ಅಲ್ಲಿನ ಡಾಕ್ಟರುಗಳು ಒಂದು ವಾರದಲ್ಲಿ ನೋಡುವಷ್ಟು ಗಂಟನ್ನು ಬೇರೆ ಕಡೆ ಇಡೀ ವರ್ಷವೂ ನೋಡಿರುವುದಿಲ್ಲ. ಸೂಜಿ ಪರೀಕ್ಷೆಯಲ್ಲಿ ಕ್ಯಾನ್ಸರ್ ಅನುಮಾನ ಬಂದರೆ ಅದೇ ಪರೇಲಿನಲ್ಲಿ ಟಾಟಾ ಮೆಮೋರಿಯಲ್ ಇದೆ, 1941ರಿಂದ. ಸ್ಲೈಡ್, ಸಿಡಿ ಎಲ್ಲ ಒಂದೇ ಚೀಲದಲ್ಲಿ ಹಾಕಿಕೊಂಡು ಹೋಗಿ, ಇಲ್ಲದಿದ್ದರೆ ಡೊಂಬಿವಲಿಗೆ ವಾಪಸ್ ಓಡಬೇಕಾಗುತ್ತದೆ.

ಮಾವನ ಕಲ್ಲನ್ನು ಇಎನ್‌ಟಿ ಡಾಕ್ಟರ್ ನಾಲಿಗೆಯ ಕೆಳಗೆ ಮರಗಟ್ಟಿಸಿ, ಸಣ್ಣ ಗೀಟು ಹಾಕಿ ಬಾಯಿಯಿಂದಲೇ ತೆಗೆದರು. ಮಧ್ಯಾಹ್ನದೊಳಗೆ ಮನೆ. ಹಳದಿ ಬಣ್ಣದ, ಬೇಯಿಸದ ತೊಗರಿಬೇಳೆಯಷ್ಟು ಕಲ್ಲು. ಅದೀಗ ಹೋಮಿಯೋಪತಿ ಮಾತ್ರೆಯ ಖಾಲಿ ಸೀಸೆಯಲ್ಲಿ, ಉಪ್ಪಿನಕಾಯಿ ಭರಣಿಯ ಪಕ್ಕದಲ್ಲೇ ಕೂತಿದೆ. ಊಟಕ್ಕೆ ಬಂದವರಿಗೆಲ್ಲ ತೋರಿಸುತ್ತಾರೆ, ಅತ್ತೆ ಬೈಯುತ್ತಾರೆ.